ಗಾಳಕ್ಕೆ ಸಿಕ್ಕ ಮಹಶೀರ್: ನೀರಿಗೆ ಬಿಟ್ಟ ಮಾತ್ರಕ್ಕೆ ಉಳಿಯದು

ಹವ್ಯಾಸಿ ಗಾಳಗಾರರ ಲೋಕದಲ್ಲಿ ಕಾವೇರಿ ಕಣಿವೆಯ ಮಹಶೀರ್ ಮೀನಿಗೆ ಶತಮಾನಕ್ಕೂ ಮಿಕ್ಕ ಖ್ಯಾತಿಯಿದೆ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿ ನದಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ವನ್ಯಪ್ರಾಣಿಗಳ ಚರ್ಮಕ್ಕೆ ಜೀವಕಳೆ ತುಂಬುವ ಕಲೆಯಲ್ಲಿ ಹೆಸರಾದ ಕುಟುಂಬದವರು ಅವರು. ಆ ಕಾಲದಲ್ಲಿ ದೊಡ್ಡ ಮೀನೆಂದರೆ ಗೋಡೆಯ ಮೇಲಿನ ಸ್ಮಾರಕ ಅಥವಾ ಊಟದ ತಟ್ಟೆ. ಅದನ್ನು ಮರಳಿ ನೀರಿಗೆ ಬಿಡುವ ಯೋಚನೆ ಬಹುಮಂದಿಗೆ ಇರಲಿಲ್ಲ.

ಆ ಯೋಚನೆ ಬಲವಾದದ್ದು 1970ರ ದಶಕದ ಕೊನೆಯಲ್ಲಿ ವಿದೇಶಿ ಗಾಳಗಾರರು ಕಾವೇರಿಗೆ ಮರಳಿ ಬರತೊಡಗಿದ ಬಳಿಕ. ಮುಂದಿನ ವರ್ಷಗಳಲ್ಲಿ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕಳಿಗಳಲ್ಲಿ ಶಿಬಿರಗಳು ಎದ್ದವು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ನದಿಗೇ ಬಿಡಬೇಕೆಂಬುದು ಅಲ್ಲಿನ ನಿಯಮ. ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಅದೇ ಶಿಬಿರಗಳಲ್ಲಿ ಮಾರ್ಗದರ್ಶಿಗಳಾದರು, ಸಿಡಿಮದ್ದು ಎಸೆಯುವವರ ಮೇಲೆ ಕಣ್ಣಿಟ್ಟರು. ಕಾವೇರಿ ವನ್ಯಜೀವಿಧಾಮದ ವ್ಯಾಪ್ತಿಯ ಶಿಬಿರಗಳಲ್ಲಿ 2012ರ ವೇಳೆಗೆ ಗಾಳ ಹಾಕುವುದು ನಿಂತಿತು. ಧಾಮದೊಳಗೆ ಇಂಥ ಕ್ರೀಡೆ ಇರಬೇಕೇ ಬೇಡವೇ ಎಂಬ ಚರ್ಚೆ ಮಾತ್ರ ನಿಂತಿಲ್ಲ. ಆ ಚರ್ಚೆ ಏನೇ ಇರಲಿ, ಹಿಡಿದು ಬಿಟ್ಟ ಮೀನು ನಿಜಕ್ಕೂ ಬದುಕುತ್ತದೆಯೇ ಎಂಬುದು ಅದಕ್ಕಿಂತ ಮೂಲಭೂತ ಪ್ರಶ್ನೆ.

ಒಂದೇ ಹೆಸರು, ಎರಡು ಮೀನು

ಕಾವೇರಿಯಲ್ಲಿ ‘ಮಹಶೀರ್’ ಎಂದು ಕರೆಯುವುದು ಒಂದೇ ಜಾತಿಯನ್ನಲ್ಲ. ಕಿತ್ತಳೆ ಬಣ್ಣದ ಈಜುರೆಕ್ಕೆ, ತಲೆಯ ಹಿಂದೆ ಎದ್ದ ಗೂನು ಇರುವುದು ಕಾವೇರಿ ಕಣಿವೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್. ನೀಲಿ ಛಾಯೆಯ ಈಜುರೆಕ್ಕೆ ಇರುವುದು ಕೃಷ್ಣಾ ಕಣಿವೆ ಮೂಲದ್ದು. ಲೋನಾವಳದ ಮೀನುಮರಿ ಕೇಂದ್ರದಲ್ಲಿ 1970ರ ದಶಕದಿಂದ ಈ ನೀಲಿ ರೆಕ್ಕೆಯ ಮೀನಿನ ಕೃತಕ ಸಂತಾನಾಭಿವೃದ್ಧಿ ನಡೆದು, ಮರಿಗಳು ಅನೇಕ ನದಿಗಳನ್ನು ಸೇರಿದವು. ಸದುದ್ದೇಶದಿಂದಲೇ ನಡೆದ ಕಾರ್ಯವದು.

ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ದಾಖಲೆಗಳನ್ನು ಸಂಶೋಧಕರು ಬಳಿಕ ಪರಿಶೀಲಿಸಿದಾಗ ಚಿತ್ರ ಸ್ಪಷ್ಟವಾಯಿತು. ಒಟ್ಟು ಮೀನುಗಳ ಸಂಖ್ಯೆ ಏರಿತ್ತು. ಏರಿದ್ದು ನೀಲಿ ರೆಕ್ಕೆಯದು. ಗೂನುಬೆನ್ನಿನದು ಕುಸಿದಿತ್ತು. ನದಿಯನ್ನು ಜಗತ್ಪ್ರಸಿದ್ಧಗೊಳಿಸಿದ ಈ ಮೀನಿಗೆ ‘ಟಾರ್ ರೆಮಾದೇವಿ’ ಎಂಬ ಶಾಸ್ತ್ರೀಯ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ‘ತೀವ್ರ ಅಳಿವಿನಂಚಿನ’ ಜಾತಿ ಎಂದು ಸೇರಿತು. ಹೆಣ್ಣು ಮೀನು ದೊಡ್ಡದಾದಷ್ಟೂ ಇಡುವ ಮೊಟ್ಟೆ ಹೆಚ್ಚು. ಹೀಗಿರುವಾಗ ಗಾಳಕ್ಕೆ ಆಕಸ್ಮಿಕವಾಗಿ ಸಿಕ್ಕ ಒಂದು ದೊಡ್ಡ ಗೂನುಬೆನ್ನಿನ ಮೀನು ಕೈತಪ್ಪಿನಿಂದ ಸತ್ತರೆ ಅದು ಸಣ್ಣ ನಷ್ಟವಲ್ಲ.

ಸೆಣಸಾಟದ ನಂತರದ ನಿಮಿಷ

ಗಾಳಕ್ಕೆ ಸಿಕ್ಕ ಮೀನು ಜೀವದ ಹಂಗು ತೊರೆದು ಸೆಣಸುತ್ತದೆ. ಆಗ ಸ್ನಾಯುಗಳು ಆಮ್ಲಜನಕಕ್ಕೆ ಕಾಯದೆ ಶಕ್ತಿಯನ್ನು ಉರಿಸುತ್ತವೆ. ಲ್ಯಾಕ್ಟಿಕ್ ಆಮ್ಲ ಶೇಖರವಾಗಿ ರಕ್ತ ಆಮ್ಲೀಯವಾಗುತ್ತದೆ. ಮೀನಿಗೆ ಆಮ್ಲಜನಕ ಅತ್ಯಂತ ಹೆಚ್ಚು ಬೇಕಾಗುವುದು ದಡ ಸೇರಿದ ಆ ಕ್ಷಣದಲ್ಲಿ. ಸರಿಯಾಗಿ ಅದೇ ಕ್ಷಣದಲ್ಲಿ ಮನುಷ್ಯ ಅದನ್ನು ಗಾಳಿಗೆ ಎತ್ತುತ್ತಾನೆ! ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡಿರುವ ಕಿವಿರಿನ ಸೂಕ್ಷ್ಮ ಪದರಗಳು ಗಾಳಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಉಸಿರಾಟ ಬಹುತೇಕ ನಿಲ್ಲುತ್ತದೆ.

ಕೆನಡಾದಲ್ಲಿ ಟ್ರೌಟ್ ಮೀನುಗಳ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಪೂರ್ತಿ ದಣಿಸಿ ನೀರಿನಲ್ಲೇ ಉಳಿಸಿದ ಮೀನುಗಳಲ್ಲಿ ಸತ್ತವು ಶೇ. 12. ದಣಿಸಿದ ಬಳಿಕ 30 ಸೆಕೆಂಡು ಗಾಳಿಯಲ್ಲಿಟ್ಟಾಗ ಶೇ. 38, ಒಂದು ನಿಮಿಷ ಇಟ್ಟಾಗ ಶೇ. 72. ಟ್ರೌಟ್ ತಣ್ಣೀರಿನ ಮೀನು. ಈ ಅಂಕಿಗಳನ್ನು ಮಹಶೀರ್‌ಗೆ ಹಾಗೆಯೇ ಅನ್ವಯಿಸಲಾಗದು. ಕಾವೇರಿಯ ನೀಲಿ ರೆಕ್ಕೆಯ ಮಹಶೀರ್ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಶೇ. 90ಕ್ಕೂ ಹೆಚ್ಚು ಮೀನುಗಳಿಗೆ ಕೊಕ್ಕೆ ಸಿಕ್ಕಿದ್ದು ಬಾಯಿಯಲ್ಲೇ. ಗಂಭೀರ ಗಾಯಗಳು ವಿರಳ. ಆದರೆ ಸೆಣಸಾಟ ದೀರ್ಘವಾದಷ್ಟೂ ರಕ್ತದಲ್ಲಿನ ಏರುಪೇರು ಹೆಚ್ಚಿತ್ತು. ಸಹಜ ಪ್ರತಿಕ್ರಿಯೆ ಕಳೆದುಕೊಂಡವುಗಳಲ್ಲಿ ದೊಡ್ಡ ಮೀನುಗಳೇ ಹೆಚ್ಚು. ಅಂದರೆ ಯಾವುದನ್ನು ಉಳಿಸುವುದು ಅತಿ ಮುಖ್ಯವೋ ಅದೇ ಹೆಚ್ಚು ಬಳಲುತ್ತದೆ.

ನೀರಿನ ಉಷ್ಣತೆಯೂ ಲೆಕ್ಕಕ್ಕೆ ಬರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ 30 ಡಿಗ್ರಿಯಲ್ಲಿ ಅದು ಸುಮಾರು ಏಳೂವರೆಗೆ ಇಳಿಯುತ್ತದೆ. ಗಾಳಕ್ಕೆ ಅನುಕೂಲವೆಂದು ಆರಿಸಿಕೊಳ್ಳುವ ಬೇಸಿಗೆಯ ಇಳಿನೀರು ಮೀನಿಗೆ ಅನುಕೂಲವಲ್ಲ.

ದಪ್ಪ ನೂಲೇ ದಯೆ

ತೆಳುವಾದ ನೂಲಿನಲ್ಲಿ ದೊಡ್ಡ ಮೀನನ್ನು ಗಂಟೆಗಟ್ಟಲೆ ಆಡಿಸುವುದು ಶೌರ್ಯವೆಂಬ ಭಾವನೆ ಕೆಲವರಲ್ಲಿದೆ. ಮೀನಿನ ದೃಷ್ಟಿಯಿಂದ ಅದು ಕ್ರೌರ್ಯ. ಗಟ್ಟಿ ಕೋಲು, ದಪ್ಪ ನೂಲು ಬಳಸಿ ಬೇಗನೆ ದಡಕ್ಕೆ ತರುವುದೇ ಲೇಸು. ಕಾವೇರಿಯ ಬಂಡೆಗಳ ನಡುವೆ ತೆಳು ನೂಲು ಹರಿದರೆ ಮೀನು ಕೊಕ್ಕೆಯ ಜೊತೆಗೆ ಮಾರುದ್ದದ ನೂಲನ್ನೂ ಎಳೆದುಕೊಂಡು ತಿರುಗಬೇಕಾಗುತ್ತದೆ.

ಕೊಕ್ಕೆ ಒಂಟಿಯಾಗಿರಬೇಕು, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿರಬೇಕು. ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ. ಏಡಿಯನ್ನೂ ಪುಡಿಗಟ್ಟುವ ಹಲ್ಲುಗಳಿರುವುದು ಗಂಟಲಿನಲ್ಲಿ. ಕಾವೇರಿಯ ಪ್ರಸಿದ್ಧ ಎರೆಯಾದ ರಾಗಿ ಮುದ್ದೆಯನ್ನು ಮೀನು ಪೂರ್ತಿ ನುಂಗಲು ಬಿಟ್ಟರೆ ಕೊಕ್ಕೆ ಒಳಗಿಳಿಯುವ ಅಪಾಯವಿದೆ. ಇಳಿದಿದ್ದರೆ ಎಳೆಯಕೂಡದು. ನೂಲನ್ನು ಬಾಯಿಯ ಸಮೀಪ ಕತ್ತರಿಸಿ ಬಿಟ್ಟುಬಿಡಬೇಕು. ಕೊಕ್ಕೆಯೊಂದರ ಬೆಲೆ ಹೆಚ್ಚೇನಲ್ಲ.

ಮೀನನ್ನು ಮರಳು ಅಥವಾ ಬಂಡೆಯ ಮೇಲೆ ಎಳೆಯುವುದು ಸರ್ವಥಾ ಸಲ್ಲದು. ಮೈಮೇಲಿನ ಲೋಳೆ ಸೋಂಕನ್ನು ತಡೆಯುವ ಕವಚ. ಒಣ ಕೈ, ಒಣ ಬಟ್ಟೆ, ಒರಟು ಬಲೆ ಅದನ್ನು ಕಿತ್ತುಹಾಕುತ್ತವೆ. ಕೈ ಒದ್ದೆಯಾಗಿರಬೇಕು, ಬಲೆಯಿದ್ದರೆ ಗಂಟಿಲ್ಲದ ರಬ್ಬರ್ ಲೇಪನದ್ದಿರಬೇಕು. ಮೊಣಕಾಲುದ್ದದ ನೀರಿನಲ್ಲಿ ನಿಂತು ಕೊಕ್ಕೆ ಬಿಡಿಸುವುದು ಉತ್ತಮ. ಬಾಯಿಯಿಂದ ಕಿವಿರಿಗೆ ಹಗ್ಗ ಪೋಣಿಸಿ ಮೀನನ್ನು ದಡದಲ್ಲಿ ಕಟ್ಟಿಡುವ ರೂಢಿಯೊಂದು ಹಿಂದೆ ಇತ್ತು. ಸುಧಾರಿಸಿಕೊಳ್ಳಲೆಂಬ ಸಮರ್ಥನೆ ಅದಕ್ಕಿದ್ದರೂ ಅನುಕೂಲವಾಗುತ್ತಿದ್ದುದು ಛಾಯಾಗ್ರಾಹಕನಿಗೇ.

ತೂಕದ ಹಂಬಲ ಬಿಡದವರಿಗೆ ಹಳೆಯ ಲೆಕ್ಕವೊಂದಿದೆ. ಉದ್ದ ಮತ್ತು ಸುತ್ತಳತೆಯನ್ನು ನೀರಿನಲ್ಲೇ ಅಂಗುಲಗಳಲ್ಲಿ ಅಳೆದು, ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 800ರಿಂದ ಭಾಗಿಸಿದರೆ ಪೌಂಡ್‌ಗಳಲ್ಲಿ ಅಂದಾಜು ತೂಕ ದೊರೆಯುತ್ತದೆ. 48 ಅಂಗುಲ ಉದ್ದ, 30 ಅಂಗುಲ ಸುತ್ತಳತೆಯ ಮೀನು 54 ಪೌಂಡ್. ತಕ್ಕಡಿಯೇ ಬೇಕೆಂದರೆ ಒದ್ದೆ ಜೋಳಿಗೆಯಲ್ಲಿ ಅಡ್ಡಲಾಗಿ ಮಲಗಿಸಿ ತೂಗಬೇಕು. ಜೀವನವಿಡೀ ನೀರು ಹೊತ್ತ ದೇಹವದು. ದವಡೆ ಅಥವಾ ಕಿವಿರಿನಿಂದ ನೇತುಹಾಕಿದರೆ ಅಷ್ಟೂ ಭಾರ ಬೆನ್ನೆಲುಬು ಹಾಗೂ ಒಳಾಂಗಗಳ ಮೇಲೆ ಬೀಳುತ್ತದೆ.

ಇನ್ನು ಛಾಯಾಚಿತ್ರ. ಮೊಬೈಲ್ ಬಂದ ಮೇಲೆ ಚಿತ್ರಗಳ ಸಂಖ್ಯೆಯೂ ಮೀನು ಗಾಳಿಯಲ್ಲಿರುವ ಹೊತ್ತೂ ಬೆಳೆದಿವೆ. ಕ್ಯಾಮೆರಾ ಮೊದಲೇ ಸಿದ್ಧವಿರಲಿ. ಹೊಟ್ಟೆಯ ಕೆಳಗೊಂದು ಕೈ, ಬಾಲದ ಬುಡದಲ್ಲೊಂದು ಕೈ ಇಟ್ಟು ನೀರಿನ ಮಟ್ಟದಿಂದ ತುಸುವೇ ಮೇಲೆತ್ತಿ, ಮೈಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಇಳಿಸಬೇಕು. ಎತ್ತುವಾತ ತನ್ನ ಉಸಿರನ್ನೂ ಬಿಗಿಹಿಡಿದರೆ ಸಮಯದ ಅರಿವು ತಾನಾಗಿ ಆದೀತು.

ಬಿಡುವ ಬಗೆ

ಬಿಡುವಾಗ ಮೀನಿನ ಮುಖ ಹರಿವಿಗೆ ಎದುರಾಗಿರಬೇಕು. ರಭಸದ ಮಡುವೂ ಬೇಡ, ನಿಂತ ನೀರೂ ಬೇಡ. ಮಂದವಾಗಿ ಹರಿಯುವ ತಿಳಿನೀರು ಸಾಕು. ಹಿಂದಕ್ಕೂ ಮುಂದಕ್ಕೂ ತಳ್ಳಿ ಎಳೆಯುವ ಪದ್ಧತಿ ತಪ್ಪು. ಕಿವಿರಿನ ಮೂಲಕ ನೀರು ಬಾಯಿಯಿಂದ ಹಿಂದಕ್ಕೆ ಹರಿಯಬೇಕೇ ಹೊರತು ತಿರುವುಮುರುವಾಗಿ ಅಲ್ಲ.

ಎಷ್ಟು ಹೊತ್ತು ಹಿಡಿದಿರಬೇಕು? ಗಡಿಯಾರದಲ್ಲಿ ಇದಕ್ಕೆ ಉತ್ತರವಿಲ್ಲ. ಮೈ ವಾಲಿಸಿದಾಗ ಮೀನು ತಾನೇ ನೆಟ್ಟಗಾಗುತ್ತದೆಯೇ, ಕಣ್ಣುಗುಡ್ಡೆ ಸಮತಲವನ್ನು ಹುಡುಕಿ ತಿರುಗುತ್ತದೆಯೇ, ಕಿವಿರಿನ ಮುಚ್ಚಳ ಒಂದೇ ಲಯದಲ್ಲಿ ಬಡಿಯುತ್ತಿದೆಯೇ, ಬಾಲ ಹಿಡಿದರೆ ಕೊಸರಿಕೊಳ್ಳುತ್ತದೆಯೇ ಎಂದು ನೋಡಬೇಕು. ಇಷ್ಟೂ ಕಂಡರೆ ಅದನ್ನು ಮತ್ತೆ ಹಿಡಿದಿಡುವುದು ಅನವಶ್ಯಕ. ಕಾಣದಿದ್ದರೆ ಹಲವು ನಿಮಿಷಗಳಾದರೂ ಆಸರೆ ಕೊಡಲೇಬೇಕು. ಅರೆಪ್ರಜ್ಞೆಯಲ್ಲಿ ತೇಲಿಹೋದ ಮೀನಿಗೆ ಕಾವೇರಿಯಲ್ಲಿ ಮೊಸಳೆಗಳೂ ಇವೆ, ಹಿಂಡುಹಿಂಡಾಗಿ ಬೇಟೆಯಾಡುವ ನೀರುನಾಯಿಗಳೂ ಇವೆ. ಕೈಯಿಂದ ಜಾರಿದ ಬಳಿಕವೂ ಕೆಲಹೊತ್ತು ಅಲ್ಲೇ ನಿಂತು, ಕೆಳಗಿನ ಮಡುವಿನಲ್ಲಿ ಬಿಳಿ ಹೊಟ್ಟೆ ಮೇಲಾಗಿ ತೇಲುತ್ತಿದೆಯೇ ಎಂದು ಗಮನಿಸಬೇಕು. ತೇಲಿದರೆ ಹರಿಗೋಲಿನಲ್ಲಿ ಹೋಗಿ ಮತ್ತೆ ಮೊದಲಿನಿಂದ ಆಸರೆ ಕೊಡಬೇಕು.