ಮದುವೆಯ ಕಾಣಿಕೆ, ಮಕ್ಕಳ ಓದು

ಓದುವ ಮಕ್ಕಳಿಗೆ ದಾನ ಕೊಡುವುದು ನಮ್ಮ ಭಾಗಕ್ಕೆ ಹೊಸದಲ್ಲ. ನಮ್ಮ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ, ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ವಿದ್ಯಾಶಾಲೆ ಕಟ್ಟಿಸಿದ. ಕ್ರಿ.ಶ. 945ರ ಅಲ್ಲಿನ ಶಾಸನದಂತೆ ವಿದ್ಯಾರ್ಥಿಗಳ ವಸತಿಗೆ 27 ಮನೆಗಳನ್ನು ಬಿಟ್ಟುಕೊಡಲಾಯಿತು. ಊರವರು ಪ್ರತಿ ಮದುವೆಗೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ ಕೊಡಬೇಕೆಂದು ಗೊತ್ತಾಯಿತು. ಮುಂದೆ 1058ರಲ್ಲಿ ನೆರೆಯ ಚಿತ್ತಾಪುರದ ನಾಗಾವಿಯಲ್ಲಿ ಚಾಲುಕ್ಯ ದಂಡನಾಯಕ ಮಧುಸೂದನ ಘಟಿಕಾಸ್ಥಾನ ನಡೆಸಲು ದಾನ ಬಿಟ್ಟ. ಪುಸ್ತಕ ಕಾಯಲು ಆರು ಸರಸ್ವತೀ ಭಂಡಾರಿಗರಿದ್ದರು.

ದೊಡ್ಡವರ ದಾನದಿಂದ ಕಟ್ಟಡ ಎದ್ದಿತು. ಊರವರ ಕಾಣಿಕೆ ವರ್ಷವರ್ಷವೂ ಓದಿಗೆ ಆಸರೆಯಾಯಿತು. ಇಂದು ನಮ್ಮ ಶಾಲೆಯ ಮಕ್ಕಳು ಬಿ.ಕಾಂ. ಓದಲು ಕಲಬುರಗಿಗೆ ಹೋಗಬೇಕೆಂದರೆ ಶುಲ್ಕ, ರೂಮಿನ ಬಾಡಿಗೆ, ಊಟ ಎಲ್ಲವೂ ಬೇಕು. ಹಳೆಯ ವಿದ್ಯಾರ್ಥಿಗಳಾದ ನಾವು ಮನೆಯ ಪ್ರತಿ ಮದುವೆಯಲ್ಲೂ ಇವರಿಗೊಂದು ಪಾಲು ಎತ್ತಿಡೋಣ.