ಪುಟ್ ಎಂಬ ಪುಟ್ಟ ಪದದ ದೊಡ್ಡ ಸಂಸಾರ

ಶಾಲೆಯ ಕ್ರೀಡಾದಿನದಲ್ಲಿ ಶಾಟ್‌ಪುಟ್ ಸ್ಪರ್ಧೆಯನ್ನು ನೋಡದವರು ಕಡಿಮೆ. ಕನ್ನಡದಲ್ಲಿ ಅದನ್ನು ಗುಂಡು ಎಸೆತ ಎಂದು ಕರೆಯುವುದು ರೂಢಿ. ಆದರೆ ಆ ಕಬ್ಬಿಣದ ಗುಂಡನ್ನು ಕ್ರಿಕೆಟ್ ಚೆಂಡಿನಂತೆ ಎಸೆದರೆ ತೀರ್ಪುಗಾರರು ಒಪ್ಪುವುದಿಲ್ಲ. ಕತ್ತಿನ ಪಕ್ಕದಲ್ಲಿ ಒತ್ತಿ ಹಿಡಿದು, ಒಂದೇ ಕೈಯಿಂದ, ಭುಜದ ಬಲದಲ್ಲಿ ಮುಂದಕ್ಕೆ ತಳ್ಳಬೇಕು. ಜಾವೆಲಿನ್, ಡಿಸ್ಕಸ್‌ಗಳಿಗೆಲ್ಲ ‘ಥ್ರೋ’ ಎನ್ನುವ ಇಂಗ್ಲಿಷರು ಗುಂಡಿಗೆ ಮಾತ್ರ ‘ಪುಟ್’ ಎನ್ನುವುದೇಕೆ? ‘ಇಡು’ ಎಂಬ ಅರ್ಥದ ಪದಕ್ಕೆ ಆಟದ ಮೈದಾನದಲ್ಲೇನು ಕೆಲಸ?

ಉತ್ತರ ಆ ಪದದ ಹಳೆಯ ಅರ್ಥದಲ್ಲಿದೆ. ‘ಪುಟ್’ ಎಂದರೆ ಮೊದಲು ನೂಕು, ತಳ್ಳು ಎಂದೇ ಅರ್ಥ. ಗುಂಡಿನ ಆಟದಲ್ಲಿ ಆ ಅರ್ಥ ಹಾಗೆಯೇ ಉಳಿದುಕೊಂಡಿದೆ. ಗಾಲ್ಫ್ ಆಟದಲ್ಲಿ ಚೆಂಡನ್ನು ಮೆಲ್ಲನೆ ಕುಳಿಯತ್ತ ತಳ್ಳುವ ‘ಪಟ್’ ಕೂಡ ಇದೇ ಪದದ ಸ್ಕಾಟ್ಲೆಂಡ್ ರೂಪ. ಉಳಿದೆಡೆಯೆಲ್ಲ ಈ ಪದ ಬಳಸಿ ಬಳಸಿ ಸವೆಯಿತು. ತಳ್ಳುವ ಬಿರುಸು ಹೋಗಿ ಬರಿಯ ‘ಇಡು’ ಉಳಿಯಿತು. ಹೀಗೆ ಕ್ರಿಯಾಪದ ಸೊರಗಿದಷ್ಟೂ ಅದರ ಪಕ್ಕದಲ್ಲಿ ಬಂದು ಕೂರುವ ಆನ್, ಆಫ್, ಅಪ್, ಔಟ್ ಎಂಬ ಪುಡಿ ಪದಗಳು ಬಲಿತವು. ಇಂಗ್ಲಿಷ್ ಕಲಿಯುವವರ ಮುಖ್ಯ ತಲೆನೋವು ಹುಟ್ಟಿದ್ದು ಇಲ್ಲಿಯೇ.

ಮೊದಲ ತೊಡಕು ಚಿಕ್ಕದು. ಕನ್ನಡದಲ್ಲಿ ‘ಪುಸ್ತಕ ಇಟ್ಟೆ’ ಎಂದರೆ ವಾಕ್ಯ ಮುಗಿಯಿತು. ಇಂಗ್ಲಿಷಿನಲ್ಲಿ ‘ಐ ಪುಟ್ ದ ಬುಕ್’ ಎಂದು ನಿಲ್ಲಿಸಿದರೆ ಕೇಳುವವರು ಮುಂದಿನ ಮಾತಿಗಾಗಿ ಕಾಯುತ್ತಾರೆ. ‘ಆನ್ ದ ಟೇಬಲ್’ ಎಂದೋ ‘ಇನ್ ದ ಬ್ಯಾಗ್’ ಎಂದೋ ಜಾಗ ಹೇಳಲೇಬೇಕು. ಈ ಕ್ರಿಯಾಪದ ಒಂಟಿಯಾಗಿ ಬಾಳಲಾರದು.

ಎರಡನೆಯ ತೊಡಕು ದೊಡ್ಡದು. ಜತೆಗೆ ಬಂದ ಪುಡಿ ಪದ ಜಾಗವನ್ನು ತೋರಿಸುವುದನ್ನು ಬಿಟ್ಟು ಅರ್ಥವನ್ನೇ ಬದಲಿಸುತ್ತದೆ. ‘ಪುಟ್ ಆನ್’ ಎಂದರೆ ತೊಡು, ‘ಪುಟ್ ಆಫ್’ ಎಂದರೆ ಮುಂದೂಡು, ‘ಪುಟ್ ಔಟ್’ ಎಂದರೆ ನಂದಿಸು. ‘ಪುಟ್ ಡೌನ್’ ಎಂದರೆ ಕೆಳಗಿಡು. ಬರೆದುಕೊ ಎಂದೂ ಆಗಬಹುದು, ದಂಗೆ ಅಡಗಿಸು ಎಂದೂ ಆಗಬಹುದು. ‘ಪುಟ್ ಅಪ್’ ಎಂದರೆ ಗೋಡೆಗೆ ತಗುಲಿಹಾಕು, ಅತಿಥಿಗೆ ಉಳಿಯಲು ಜಾಗ ಕೊಡು. ನಮ್ಮ ಸರ್ಕಾರಿ ಕಚೇರಿಗಳಲ್ಲಾದರೆ ಕಡತವನ್ನು ಮೇಲಧಿಕಾರಿಯ ಮುಂದೆ ಮಂಡಿಸು. ಅದಕ್ಕೆ ‘ವಿತ್’ ಸೇರಿ ‘ಪುಟ್ ಅಪ್ ವಿತ್’ ಆದರೆ ಸಹಿಸಿಕೊ! ಮೂರೂ ಪದಗಳ ಅರ್ಥ ಬಲ್ಲವನಿಗೂ ಈ ‘ಸಹನೆ’ ಎಲ್ಲಿಂದ ಬಂತೆಂದು ತಿಳಿಯದು.

ವಾಕ್ಯದಲ್ಲಿ ಇವು ನಿಲ್ಲುವ ಜಾಗಕ್ಕೂ ಕಟ್ಟುಪಾಡುಗಳಿವೆ. ‘ಪುಟ್ ಆಫ್ ದ ಮೀಟಿಂಗ್’ ಸರಿ, ‘ಪುಟ್ ದ ಮೀಟಿಂಗ್ ಆಫ್’ ಕೂಡ ಸರಿ. ಸಭೆಗೆ ಬದಲಾಗಿ ‘ಇಟ್’ ಬಂದರೆ ಮಾತ್ರ ‘ಪುಟ್ ಇಟ್ ಆಫ್’ ಎಂದೇ ಹೇಳಬೇಕು. ‘ಪುಟ್ ಅಪ್ ವಿತ್’ ಆದರೋ ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ.

ಈ ಸಂಸಾರ ಬೆಳೆದ ಬಗೆ ತಿಳಿಯಲು ಸುಮಾರು ಒಂಬೈನೂರು ವರ್ಷ ಹಿಂದೆ ಹೋಗಬೇಕು. ಇಂಗ್ಲೆಂಡಿನ ಪೀಟರ್‌ಬರೋ ಮಠದ ಸನ್ಯಾಸಿಗಳು ವರ್ಷವರ್ಷದ ಘಟನೆಗಳನ್ನು ದಾಖಲಿಸುತ್ತಿದ್ದರು. 1154ರ ಸುಮಾರಿಗೆ ಬರೆದ ಅದರ ಕೊನೆಯ ಭಾಗದಲ್ಲಿ ದೊರೆ ಸ್ಟೀಫನ್ ಕೆಲವು ಬಿಷಪ್ಪರನ್ನು ಸೆರೆಗೆ ಹಾಕಿಸಿ, ಕೋಟೆಗಳನ್ನು ಬಿಟ್ಟುಕೊಡುವವರೆಗೂ ಬಿಡದೆ ಹೋದ ಸಂಗತಿ ಇದೆ. ಬಿಟ್ಟುಕೊಡು ಎನ್ನುವಲ್ಲಿ ಇರುವುದು ಇಂದಿನ ‘ಗಿವ್ ಅಪ್’ ಪದದ ಹಳೆಯ ರೂಪ. ಅದೇ ವಾಕ್ಯದಲ್ಲಿ ಸೆರೆಗೆ ಹಾಕಿದ ಎನ್ನಲು ಬಳಸಿರುವುದು ‘ಪುಟ್’ ಅಲ್ಲ, ‘ಡು’!

ಆಗಿನ ಇಂಗ್ಲಿಷಿನಲ್ಲಿ ‘ಡು’ ಎಂದರೆ ಮಾಡು ಮಾತ್ರವಲ್ಲ, ಇಡು, ಹಾಕು ಎಂದೂ ಅರ್ಥವಿತ್ತು. ‘ಡು ಆನ್’ ಕೂಡಿ ‘ಡಾನ್’ ಆಯಿತು, ಅಂದರೆ ತೊಡು. ‘ಡು ಆಫ್’ ಕೂಡಿ ‘ಡಾಫ್’ ಆಯಿತು, ಅಂದರೆ ಕಳಚು. ಮುಂದೆ ಹಾಕುವ ಕೆಲಸವನ್ನೆಲ್ಲ ‘ಪುಟ್’ ವಹಿಸಿಕೊಂಡಿತು, ‘ಡು’ ಮಾಡುವ ಕೆಲಸಕ್ಕೆ ಉಳಿಯಿತು.

ಹಳೆಯ ಇಂಗ್ಲಿಷಿನಲ್ಲಿ ಇಂಥ ಪುಡಿ ಪದಗಳು ಬಹುಮಟ್ಟಿಗೆ ಕ್ರಿಯಾಪದದ ಮುಂದೆಯೇ ಅಂಟಿಕೊಂಡು ಬರುತ್ತಿದ್ದವು. ‘ಅಂಡರ್‌ಸ್ಟ್ಯಾಂಡ್’ ಆ ಕಾಲದ ಕುರುಹು. ಕ್ರಮೇಣ ಈ ಪದ್ಧತಿ ಸಡಿಲಿತು. ಪುಡಿ ಪದಗಳು ಕ್ರಿಯಾಪದದ ಹಿಂದೆ ಸರಿದವು. ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದ ಜನರ ಮಾತಿನ ಪ್ರಭಾವವೂ ಇದರಲ್ಲಿ ಇದೆ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ, ನ್ಯಾಯಾಲಯಗಳಿಗೆ ಫ್ರೆಂಚ್ ಬಂತು; ಇಗರ್ಜಿ ಮತ್ತು ವಿದ್ವತ್ತಿನ ಭಾಷೆಯಾಗಿ ಲ್ಯಾಟಿನ್ ಇದ್ದೇ ಇತ್ತು. ಹೀಗೆ ಒಂದೇ ಅರ್ಥಕ್ಕೆ ಎರಡು ಮಾತುಗಳಾದವು. ಮನೆಯಲ್ಲಿ ‘ಪುಟ್ ಆಫ್’, ಕಚೇರಿಯಲ್ಲಿ ‘ಪೋಸ್ಟ್‌ಪೋನ್’. ತಮಾಷೆಯೆಂದರೆ ಲ್ಯಾಟಿನ್ನಿನಲ್ಲಿ ‘ಪೋಸ್ಟ್’ ಎಂದರೆ ಆಮೇಲೆ, ‘ಪೊನೆರೆ’ ಎಂದರೆ ಇಡು. ಗಂಭೀರವಾದ ಆ ಪದವೂ ಬಿಡಿಸಿ ನೋಡಿದರೆ ‘ಪುಟ್’ ಸಂಸಾರದಂಥದೇ.

ಸಂಸ್ಕೃತದ ಪರಿಚಯವಿರುವ ಕನ್ನಡಿಗರಿಗೆ ಇದು ಹೊಸದಲ್ಲ. ಉಪಸರ್ಗ ಸೇರಿದರೆ ಧಾತುವಿನ ಅರ್ಥ ಬೇರೆಡೆಗೆ ಹೊರಳುತ್ತದೆ ಎಂಬುದಕ್ಕೆ ಆಹಾರ, ವಿಹಾರ, ಸಂಹಾರಗಳ ಉದಾಹರಣೆಯನ್ನು ಪಂಡಿತರು ಕೊಡುತ್ತಲೇ ಬಂದಿದ್ದಾರೆ. ಇಡು ಎಂಬ ಅರ್ಥದ ‘ಧಾ’ ಧಾತುವನ್ನೇ ನೋಡಿ. ಕೆಳಗಿಡುವುದು ನಿಧಾನ, ಅಂದರೆ ಮೂಲದಲ್ಲಿ ನಿಧಿ, ಕೂಡಿಸಿಡುವುದು ಸಂಧಾನ, ಮೈಸುತ್ತ ಇಟ್ಟುಕೊಳ್ಳುವುದು ಪರಿಧಾನ, ಅಂದರೆ ಉಡುಪು. ‘ಪುಟ್ ಅಪ್ ವಿತ್’ಗೆ ಎರಡು ಬಾಲವಿದ್ದರೆ ‘ಸಮಾಧಾನ’ಕ್ಕೆ ‘ಸಂ’ ಮತ್ತು ‘ಆ’ ಎಂಬ ಎರಡು ತಲೆ. ಸಂಸ್ಕೃತದ ‘ಧಾ’ ಮತ್ತು ಇಂಗ್ಲಿಷಿನ ‘ಡು’ ಒಂದೇ ಬೇರಿನಿಂದ ಬಂದವು ಎಂಬುದು ಭಾಷಾಶಾಸ್ತ್ರಜ್ಞರು ಒಪ್ಪಿದ ಮಾತು. ಸ್ಟೀಫನ್ ದೊರೆ ಬಿಷಪ್ಪರನ್ನು ಸೆರೆಗೆ ಹಾಕಿದ ಪದವೂ ನಮ್ಮ ಸಮಾಧಾನದ ಪದವೂ ದಾಯಾದಿಗಳು!

ಹೊರಗಿನವರಿಗೆ ಇದು ಎಷ್ಟು ಕಷ್ಟವೆಂಬುದನ್ನು ಇಂಗ್ಲಿಷರಲ್ಲಿ ಸ್ಪಷ್ಟವಾಗಿ ಗುರುತಿಸಿದವನು ಸ್ಯಾಮ್ಯುಯೆಲ್ ಜಾನ್ಸನ್. 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿ, ಕ್ರಿಯಾಪದದ ಹಿಂದೆ ಪುಡಿ ಪದ ಸೇರಿ ಅರ್ಥ ಬದಲಾಗುವುದೇ ಪರದೇಶಿಯರಿಗೆ ಅತಿ ದೊಡ್ಡ ತೊಡಕು ಎಂದು ಆತ ಬರೆದ. ಅದಕ್ಕಾಗಿ ಇಂಥ ಜೋಡಿಗಳನ್ನು ಶ್ರಮವಹಿಸಿ ಕಲೆಹಾಕಿದ.

ವ್ಯಾಕರಣದ ಮಡಿವಂತರ ಚಿಂತೆ ಬೇರೆಯದಾಗಿತ್ತು. ‘ಪ್ರಿಪೊಸಿಷನ್’ ಎಂದರೆ ಲ್ಯಾಟಿನ್ನಿನಲ್ಲಿ ‘ಮುಂದೆ ಇಟ್ಟದ್ದು’. ಹೆಸರೇ ಹಾಗಿರುವಾಗ ಅದು ವಾಕ್ಯದ ಕೊನೆಯಲ್ಲಿ ಬರಬಹುದೆ? ಕವಿ ಜಾನ್ ಡ್ರೈಡನ್ 1672ರಲ್ಲಿ, ಹಿಂದಿನ ತಲೆಮಾರಿನ ನಾಟಕಕಾರ ಬೆನ್ ಜಾನ್ಸನ್ ಹೀಗೆ ಬರೆದುದನ್ನು ತಪ್ಪೆಂದು ಎತ್ತಿ ತೋರಿಸಿದ. 1684ರಲ್ಲಿ ತನ್ನದೇ ಹಳೆಯ ಪ್ರಬಂಧವನ್ನು ಮತ್ತೆ ಅಚ್ಚು ಹಾಕಿಸುವಾಗ ಅಂಥ ವಾಕ್ಯಗಳನ್ನು ತಿದ್ದಿದ. ಆ ನಿಯಮ ಶಾಲೆಗಳಲ್ಲಿ ಬಹುಕಾಲ ಬಾಳಿತು. ಇದನ್ನು ಅಣಕಿಸಲು ‘ಅಪ್ ವಿತ್’ ಎಂಬ ಬಾಲವನ್ನು ಕಿತ್ತು ‘ಪುಟ್’ನ ಮುಂದೆ ತಂದಿಟ್ಟು ಅಧಿಕಾರಿಯೊಬ್ಬ ‘ನಾನಿದನ್ನು ಸಹಿಸೆನು’ ಎಂದು ಬರೆದ ಹಾಸ್ಯಪ್ರಸಂಗ ಪ್ರಸಿದ್ಧ. ಅದು ವಿನ್‌ಸ್ಟನ್ ಚರ್ಚಿಲ್ಲರ ಮಾತೆಂದು ಪ್ರತೀತಿ. ಆದರೆ 1942ರಲ್ಲಿ ‘ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ಬಂದಾಗ ಅದು ಹೆಸರಿಲ್ಲದ ಯಾವನೋ ಅಧಿಕಾರಿಯ ಕಥೆಯಾಗಿತ್ತು.

ಚರ್ಚಿಲ್ ನಿಜವಾಗಿ ಬೆಂಬಲಿಸಿದ್ದು ಬೇರೊಂದು ಯೋಜನೆಯನ್ನು. ಸಿ.ಕೆ. ಆಗ್ಡೆನ್ 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ಎಂಬ ಸರಳ ಭಾಷೆಯನ್ನು ರೂಪಿಸಿದರು. ಒಟ್ಟು 850 ಪದ, ಅವುಗಳಲ್ಲಿ ಕ್ರಿಯಾಪದಗಳು ಹದಿನೆಂಟು ಮಾತ್ರ, ‘ಪುಟ್’ ಅವುಗಳಲ್ಲೊಂದು. ಮಿಕ್ಕ ಕ್ರಿಯಾಪದಗಳ ಕೆಲಸವನ್ನು ಇವು ಪುಡಿ ಪದಗಳ ನೆರವಿನಿಂದ ಮಾಡಬೇಕು. 1943ರ ಸೆಪ್ಟೆಂಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಚರ್ಚಿಲ್ ಇದನ್ನು ಹೊಗಳಿದರು.

ಯೋಜನೆಯ ದೋಷ ಅದರ ಜಾಣತನದಲ್ಲೇ ಇತ್ತು. ‘ಪುಟ್’ ಗೊತ್ತು, ‘ಔಟ್’ ಗೊತ್ತು, ಆದ್ದರಿಂದ ನಂದಿಸುವುದೂ ಗೊತ್ತು ಎಂದುಕೊಳ್ಳುವುದು ಇಂಗ್ಲಿಷನ್ನೇ ಉಂಡು ಬೆಳೆದವರಿಗೆ ಸುಲಭ. ಕಲಿಯುವವನ ಲೆಕ್ಕದಲ್ಲಿ ಅದು ಮೂರನೆಯ, ಹೊಚ್ಚ ಹೊಸ ಪದ. ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದ್ದ, ಬಂಗಾಳದ ಮಕ್ಕಳ ಕಷ್ಟವನ್ನು ಹತ್ತಿರದಿಂದ ಕಂಡಿದ್ದ ಮೈಕೆಲ್ ವೆಸ್ಟ್ 1934ರಲ್ಲೇ ಸಹೋದ್ಯೋಗಿಗಳೊಡನೆ ಬೇಸಿಕ್ ಇಂಗ್ಲಿಷನ್ನು ವಿಮರ್ಶೆಗೆ ಒಡ್ಡಿದರು. ವ್ಯಾಪಕ ಬಳಕೆಗೆ ಬರದೆಯೇ ಬೇಸಿಕ್ ಇಂಗ್ಲಿಷ್ ಹಿಂದೆ ಸರಿಯಿತು.

ಈ ಜೋಡಿ ಪದಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಲೋಗನ್ ಪಿಯರ್ಸಲ್ ಸ್ಮಿತ್ 1925ರಲ್ಲಿ ಬರೆದ ಪುಸ್ತಕದಿಂದ. ಇವಕ್ಕಾಗಿಯೇ ಪ್ರತ್ಯೇಕ ನಿಘಂಟುಗಳು 1970 ಮತ್ತು 80ರ ದಶಕಗಳಲ್ಲಿ ಬಂದವು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪರಿಷ್ಕರಣೆಯಲ್ಲಿ 2007ರ ಹೊತ್ತಿಗೆ ‘ಪುಟ್’ ಎಲ್ಲಕ್ಕಿಂತ ಉದ್ದನೆಯ ನಮೂದಾಗಿ ಬೆಳೆಯಿತು. 2011ರಲ್ಲಿ ‘ರನ್’ ಅದನ್ನು ಹಿಂದಿಕ್ಕಿತು. ಇಂಗ್ಲಿಷಿನ ಪಂಡಿತರೇ ಇಷ್ಟು ಪುಟ ತುಂಬಿಸಿದ ಪದದಲ್ಲಿ ಕನ್ನಡ ಮಾಧ್ಯಮದ ವಿದ್ಯಾರ್ಥಿ ಎಡವಿದರೆ ಅದನ್ನು ದಡ್ಡತನ ಎನ್ನಲಾಗದು.

‘ಬಾಗಿಲು ಹಾಕು’ ಎನ್ನುವುದನ್ನು ‘ಪುಟ್ ದ ಡೋರ್’ ಎಂದು ಹೇಳಿ ನಗೆಪಾಟಲಾದವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಕನ್ನಡ ಕಲಿಯಲು ಬಂದ ಇಂಗ್ಲಿಷಿನವನ ಪಾಡನ್ನೂ ನೆನೆಯಬೇಕು. ಬಾಗಿಲು ಹಾಕಿದರೆ ಮುಚ್ಚುತ್ತದೆ, ಫ್ಯಾನ್ ಹಾಕಿದರೆ ತಿರುಗುತ್ತದೆ. ಸಹಿ ಹಾಕುವುದು ಒಂದು, ಲಾಗ ಹಾಕುವುದು ಇನ್ನೊಂದು. ಕೈ ಹಾಕಿದರೆ ಕೆಲಸ ಶುರು, ಬಾಯಿ ಹಾಕಿದರೆ ಜಗಳ ಶುರು. ‘ತಿಂದು ಹಾಕಿದ’ ಎಂದರೆ ತಟ್ಟೆಯಲ್ಲಿ ಏನೂ ಉಳಿದಿಲ್ಲ. ಇವನ್ನು ಯಾವ ಕನ್ನಡಿಗನೂ ಪಟ್ಟಿ ಮಾಡಿ ಬಾಯಿಪಾಠ ಮಾಡಿದ್ದಿಲ್ಲ. ಅಮ್ಮನ ಬಾಯಲ್ಲಿ, ಬೀದಿಯ ಮಾತಿನಲ್ಲಿ ಇಡೀ ವಾಕ್ಯವಾಗಿ ಕೇಳಿ ಕಲಿತದ್ದು. ‘ಪುಟ್’ ಕೂಡ ಬರುವುದು ಹಾಗೆಯೇ. ಪುಡಿ ಪದವನ್ನು ಬಿಡಿಸದೆ, ಜೋಡಿಯನ್ನೇ ಒಂದು ಪದವೆಂದು ಬಗೆದು, ವಾಕ್ಯದೊಳಗಿಟ್ಟು ಕಲಿಸಿದರೆ ಮಕ್ಕಳ ಅರ್ಧ ಭಯ ಇಳಿಯುತ್ತದೆ.