ಕಾಡು ಅಣಬೆಗಳ ಗುರುತಿಸುವಿಕೆ

ಕಾಡು ಅಣಬೆಗಳ ಗುರುತಿಸುವಿಕೆ ಎಂದರೆ ಅರಣ್ಯ, ಹುಲ್ಲುಗಾವಲು ಮೊದಲಾದ ನೆಲೆಗಳಲ್ಲಿ ತಾವಾಗಿ ಬೆಳೆಯುವ ಅಣಬೆಗಳ ಕುಲ ಮತ್ತು ಪ್ರಭೇದಗಳನ್ನು ಅವುಗಳ ಆಕಾರ, ಬಣ್ಣ, ವಾಸನೆ, ಬೀಜಕ ಹಾಗೂ ಆವಾಸದ ಆಧಾರದಿಂದ ನಿರ್ಣಯಿಸುವ ಕ್ರಮ. ಅಣಬೆಯು ಶಿಲೀಂಧ್ರದ ಫಲಾಂಗ ಮಾತ್ರ. ಶಿಲೀಂಧ್ರದ ಮುಖ್ಯ ದೇಹವು ನೂಲಿನಂತಹ ಎಳೆಗಳ ಜಾಲವಾಗಿ ಮಣ್ಣಿನಲ್ಲಿ ಅಥವಾ ಮರದಲ್ಲಿ ಅಡಗಿರುತ್ತದೆ. ಕನ್ನಡದಲ್ಲಿ ಅಣಬೆಗೆ ಅಳಂಬೆ, ನಾಯಿಕೊಡೆ ಎಂಬ ಹೆಸರುಗಳೂ ಇವೆ.

ಗಮನಿಸಬೇಕಾದ ಅಂಗಗಳು

ಕೊಡೆಯಾಕಾರದ ಅಣಬೆಯಲ್ಲಿ ಟೋಪಿ, ಅದರ ಕೆಳಗಿನ ಪದರಗಳು, ಕಾಂಡ, ಕಾಂಡದ ಮೇಲಿನ ಉಂಗುರ ಮತ್ತು ಬುಡದ ಚೀಲ ಇವುಗಳನ್ನು ಪರಿಶೀಲಿಸಲಾಗುತ್ತದೆ. ಉಂಗುರ ಮತ್ತು ಚೀಲ ಎಲ್ಲ ಅಣಬೆಗಳಲ್ಲಿಯೂ ಇರುವುದಿಲ್ಲ. ಬುಡದ ಚೀಲವು ಮಾರಕ ವಿಷವುಳ್ಳ ಕೆಲವು ಅಮಾನಿಟಾ ಪ್ರಭೇದಗಳ ಪ್ರಮುಖ ಲಕ್ಷಣ. ಅದು ಮಣ್ಣಿನೊಳಗೆ ಹುದುಗಿರುವುದರಿಂದ, ಕಾಂಡವನ್ನು ನೆಲಮಟ್ಟದಲ್ಲಿ ಕತ್ತರಿಸಿದರೆ ಈ ಮುಖ್ಯ ಗುರುತು ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಅಧ್ಯಯನಕ್ಕಾಗಿ ಅಣಬೆಯನ್ನು ಬುಡಸಹಿತ ಅಗೆದು ತೆಗೆಯಬೇಕು. ಅದು ಹುತ್ತದ ಮೇಲೆ, ಕೊಳೆತ ಮರದಲ್ಲಿ, ಸಗಣಿಯಲ್ಲಿ ಅಥವಾ ಯಾವ ಮರದ ಬಳಿ ಬೆಳೆದಿತ್ತು ಎಂಬುದನ್ನೂ ದಾಖಲಿಸಬೇಕು.

ಬೀಜಕಮುದ್ರೆ

ಕಾಂಡವನ್ನು ತೆಗೆದ ಟೋಪಿಯನ್ನು ಪದರಗಳು ಕೆಳಮುಖವಾಗುವಂತೆ ಕಾಗದದ ಮೇಲಿರಿಸಿ, ಬಟ್ಟಲಿನಿಂದ ಮುಚ್ಚಿ ಒಂದು ರಾತ್ರಿ ಬಿಟ್ಟರೆ ಉದುರಿದ ಬೀಜಕಗಳ ಬಣ್ಣ ಕಾಗದದ ಮೇಲೆ ಮೂಡುತ್ತದೆ. ಇದಕ್ಕೆ ಬೀಜಕಮುದ್ರೆ ಎಂದು ಹೆಸರು. ಬಿಳಿಯ ಬೀಜಕಗಳೂ ಕಾಣುವಂತೆ ಅರ್ಧ ಬಿಳಿ, ಅರ್ಧ ಕಪ್ಪು ಕಾಗದವನ್ನು ಬಳಸುವುದು ರೂಢಿ. ಉಷ್ಣವಲಯದ ಹುಲ್ಲುನೆಲಗಳಲ್ಲಿ ಬೆಳೆಯುವ ವಿಷಕಾರಿ ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಎಂಬ ಅಣಬೆಯ ಪದರಗಳು ಎಳೆಯದರಲ್ಲಿ ಬಿಳಿಯಾಗಿರುತ್ತವೆ. ಬಲಿತ ಅಣಬೆಯ ಬೀಜಕಮುದ್ರೆ ಮಾತ್ರ ಹಸಿರು ಛಾಯೆಯದು.

ಹೋಲಿಕೆಗಳು

ಮಲೆನಾಡಿನಲ್ಲಿ ಮಳೆಗಾಲದಲ್ಲಿ ಸಂಗ್ರಹಿಸಲಾಗುವ ಹುತ್ತದ ಅಣಬೆಗಳು ಟರ್ಮಿಟೋಮೈಸಿಸ್ ಕುಲಕ್ಕೆ ಸೇರಿವೆ. ಫ್ರಾನ್ಸಿನ ರೋಜರ್ ಹೈಮ್ ಈ ಕುಲವನ್ನು 1942ರಲ್ಲಿ ಹೆಸರಿಸಿದರು. ಇವುಗಳಲ್ಲಿ ಅನೇಕ ಪ್ರಭೇದಗಳ ಕಾಂಡವು ಬೇರಿನಂತೆ ಉದ್ದವಾಗಿ ಇಳಿದು ಗೆದ್ದಲಿನ ಗೂಡನ್ನು ಮುಟ್ಟುತ್ತದೆ, ಬುಡದಲ್ಲಿ ಚೀಲವಿರುವುದಿಲ್ಲ.

ಮೊಗ್ಗಿನ ಹಂತದಲ್ಲಿ ಗೊಂದಲ ಹೆಚ್ಚು. ಮೊಟ್ಟೆಯಂತೆ ಕಾಣುವ ಅಣಬೆಯನ್ನು ಉದ್ದಕ್ಕೆ ಸೀಳಿದಾಗ ಒಳಭಾಗವು ಏಕರೂಪವಾಗಿ ಬಿಳಿಯಾಗಿದ್ದರೆ ಅದು ಎಳೆಯ ಉಬ್ಬಣಬೆಯಿರಬಹುದು. ಒಳಗೆ ಪುಟ್ಟ ಕೊಡೆಯ ರೇಖೆ ಕಂಡರೆ ಅದು ಅಮಾನಿಟಾ ಆಗಿರುವ ಸಾಧ್ಯತೆಯಿದೆ. ಲೋಳೆಯ ಪದರವು ಜಾಲರಿ ಅಣಬೆಯಂತಹ ದುರ್ಗಂಧದ ಅಣಬೆಗಳನ್ನು ಸೂಚಿಸುತ್ತದೆ.

ಅಪರೂಪದ ಆಕಾರಗಳು

ಜಾಲರಿ ಅಣಬೆಯ ಟೋಪಿಯಿಂದ ಬಿಳಿಯ ಬಲೆಯೊಂದು ಇಳಿಬಿದ್ದಿರುತ್ತದೆ. ಟೋಪಿಯ ಮೇಲಿನ ದುರ್ವಾಸನೆಯ ಲೋಳೆಗೆ ಆಕರ್ಷಿತವಾಗುವ ನೊಣಗಳು ಬೀಜಕಗಳನ್ನು ಹರಡುತ್ತವೆ. ಭೂನಕ್ಷತ್ರ ಎನ್ನಬಹುದಾದ ಜಿಯಾಸ್ಟ್ರಮ್ ಅಣಬೆಯ ಹೊರಕವಚವು ನಕ್ಷತ್ರದಂತೆ ಸೀಳುತ್ತದೆ. ಆಸ್ಟ್ರಿಯಸ್ ಕುಲದ ಅಣಬೆಯೂ ಹೀಗೆಯೇ ಕಾಣುತ್ತದೆ. ಅದರ ಎಸಳುಗಳು ತೇವದಲ್ಲಿ ಅರಳಿ ಒಣಗಿದಾಗ ಮುಚ್ಚಿಕೊಳ್ಳುತ್ತವೆ. ರೂಪ ಒಂದೇ ಆದರೂ ಇವೆರಡು ನಿಕಟ ಸಂಬಂಧಿಗಳಲ್ಲ.

ತಪ್ಪು ನಂಬಿಕೆಗಳು ಮತ್ತು ಅಪಾಯ

ವಿಷದ ಅಣಬೆಯು ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಹುಳು ತಿಂದ ಅಣಬೆ ನಿರಪಾಯಕಾರಿ, ಬೇಯಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆಗಳಿಗೆ ಆಧಾರವಿಲ್ಲ. ಯುರೋಪ್ ಮೂಲದ, ಈಗ ಉತ್ತರ ಅಮೆರಿಕ ಮತ್ತು ಆಸ್ಟ್ರೇಲಿಯಾಗಳಿಗೂ ಹರಡಿರುವ ಅಮಾನಿಟಾ ಫ್ಯಾಲಾಯ್ಡಿಸ್‌ನಲ್ಲಿರುವ ಅಮಾಟಾಕ್ಸಿನ್ ಬೇಯಿಸುವುದರಿಂದ ನಾಶವಾಗುವುದಿಲ್ಲ. ಅದನ್ನು ತಿಂದ ಸಾಮಾನ್ಯವಾಗಿ 6 ಗಂಟೆಗಳ ಬಳಿಕವೇ ವಾಂತಿಭೇದಿ ಆರಂಭವಾಗುತ್ತದೆ. ಅನಂತರ ರೋಗಿ ಚೇತರಿಸಿಕೊಂಡಂತೆ ತೋರಿದರೂ ಯಕೃತ್ತು ಹಾನಿಗೊಳ್ಳುತ್ತಲೇ ಇರುತ್ತದೆ. ಅಣಬೆ ತಿಂದ ಮೇಲೆ ಅಸ್ವಸ್ಥತೆ ಕಂಡರೆ ಒಡನೆ ಆಸ್ಪತ್ರೆಗೆ ಹೋಗಬೇಕು; ಉಳಿದ ಅಣಬೆಯನ್ನು ಜೊತೆಗೆ ಕೊಂಡೊಯ್ದರೆ ಅದರ ಗುರುತಿಸುವಿಕೆಗೆ ನೆರವಾಗುತ್ತದೆ.

ಯಾವುದೇ ಒಂದು ಲಕ್ಷಣದಿಂದ ಅಥವಾ ಛಾಯಾಚಿತ್ರ ಮಾತ್ರದಿಂದ ಅಣಬೆಯನ್ನು ನಿಶ್ಚಯಿಸಲಾಗದು. ನಿಕಟ ಪ್ರಭೇದಗಳನ್ನು ಬೇರ್ಪಡಿಸಲು ಸೂಕ್ಷ್ಮದರ್ಶಕದಲ್ಲಿ ಬೀಜಕಗಳ ಪರೀಕ್ಷೆಯೂ ಡಿಎನ್‌ಎ ವಿಶ್ಲೇಷಣೆಯೂ ಬೇಕಾಗಬಹುದು. ತಜ್ಞರು ಖಚಿತಪಡಿಸದ ಕಾಡು ಅಣಬೆಯನ್ನು ತಿನ್ನಬಾರದು.